ಕಾರಣ: ಮದುವೆ

2011ರ ಫೆಬ್ರವರಿಯಲ್ಲಿ ಡೊಂಬಿವಲಿಯ ನಮ್ಮ ಮನೆಗೆ ಜನಗಣತಿಯವರು ಬಂದಿದ್ದರು. ಯಾವುದೋ ಶಾಲೆಯ ಟೀಚರು, ಮೂರು ಮಹಡಿ ಹತ್ತಿ ದಣಿದಿದ್ದರು. ನೀರು ಕುಡಿದು ಫಾರಂ ಬಿಡಿಸಿದರು. ಹುಟ್ಟಿದ್ದು ಎಲ್ಲಿ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಬಂದ ಕಾರಣವೇನು? ನನ್ನ ಹೆಸರಿನ ಮುಂದೆ ‘ಕೆಲಸ’ ಎಂದಾಯಿತು. ಹೆಂಡತಿಯ ಸರದಿ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ನಾನು ‘ಮದುವೆ’ ಅಂದುಬಿಟ್ಟೆ.

ಟೀಚರು ಮೆಟ್ಟಿಲಿಳಿದ ಮೇಲೆ ಒಳಗಿಂದ ಮಾತು ಬಂತು: “ಮದಿ ಆದ್ದ್ ಒಂದ್ ದಿನ. ಹೊಲ್ದದ್ದ್ ಇಪ್ಪತ್ತೈದ್ ವರ್ಷ. ಅದನ್ನ್ ಎಲ್ ಬರ್ಸಿದ್ರಿ?”

ನಾನು ಸುಮ್ಮನಾದೆ. ಅವಳು ಕುಂದಾಪುರದಿಂದ ಬಂದದ್ದು 1983ರಲ್ಲಿ. ಮೂರು ವರ್ಷಕ್ಕೆ ಹೊಲಿಗೆ ಯಂತ್ರ ತಂದಳು. ಅಕ್ಕಪಕ್ಕದ ಚಾಳುಗಳ ರವಿಕೆ, ಸೀರೆಗೆ ಫಾಲ್-ಬೀಡಿಂಗ್, ಜೂನ್ ಬಂತೆಂದರೆ ಶಾಲೆಯ ಯೂನಿಫಾರಂ. ನಾನು ಹೋಟೆಲಿನ ಗಲ್ಲೆಯಲ್ಲಿ ಕುಳಿತು ತರುತ್ತಿದ್ದ ಸಂಬಳ ಊಟಕ್ಕೆ, ಊರಿಗೆ ಸರಿಹೋಗುತ್ತಿತ್ತು. ಈ ಮನೆಯ ಬುಕಿಂಗಿಗೆ ಕೊಟ್ಟದ್ದು ಆ ಯಂತ್ರದ ದುಡ್ಡು.

ಇದು ನಮ್ಮೊಬ್ಬರ ಮನೆಯ ಸಂಗತಿಯಲ್ಲ. ಆ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಮಂದಿ ಇದ್ದ ಜಾಗ ಬಿಟ್ಟು ಬೇರೆಡೆ ನೆಲೆಸಿದವರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಅವರಲ್ಲಿ ಹೆಚ್ಚಿನವರ ಕಾರಣ ಮದುವೆ. ಒಬ್ಬರಿಗೆ ಒಂದೇ ಕಾರಣ, ಅದೂ ಬಂದ ದಿನದ್ದು. ಆಮೇಲೆ ದುಡಿದದ್ದು ಬೇರೆ ಕಾಲಮ್ಮಿಗೆ ಹೋಗಬೇಕು. ಅಲ್ಲಿ ನನ್ನಂಥ ಗಂಡಂದಿರು ‘ಮನೆಕೆಲಸ’ ಎಂದು ಬರೆಸಿರುತ್ತೇವೆ. ವಲಸೆಯ ಅಧ್ಯಯನ ಮಾಡುವವರು ಈ ತಕರಾರನ್ನು ಬಹಳ ಹಿಂದೆಯೇ ಎತ್ತಿದ್ದಾರೆ. 1956ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇರುವುದು ನಮ್ಮ ದೇವನಾರಿನಲ್ಲೇ. ಬಸ್ಸಿನಿಂದ ಅದರ ಬೋರ್ಡು ನೋಡಿದ್ದಷ್ಟೇ ನನ್ನ ವಿದ್ಯೆ.

ಆದರೆ ಎರಡು ಅಂಕಿಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. 2011ರಲ್ಲಿ ಮುಂಬಯಿ ನಗರ ಜಿಲ್ಲೆಯಲ್ಲಿ 1,000 ಗಂಡಸರಿಗೆ 832 ಹೆಂಗಸರು. ಉಡುಪಿ ಜಿಲ್ಲೆಯಲ್ಲಿ 1,094. ಉಡುಪಿಯ ಅಂಕಿಗೆ ಗಲ್ಫು, ಬೆಂಗಳೂರು, ಹೆಂಗಸರ ದೀರ್ಘಾಯುಷ್ಯ ಎಲ್ಲವೂ ಕಾರಣ, ನಿಜ. ಆದರೂ ಈ ಎರಡನ್ನು ಒಟ್ಟಿಗೆ ನೋಡಿದಾಗಲೆಲ್ಲ ನನಗೆ ನಮ್ಮ ಮನೆಯೇ ಕಾಣುತ್ತದೆ.

ಅಪ್ಪಯ್ಯ ಮುಂಬಯಿಯ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು, ಮೂವತ್ತು ವರ್ಷ ಇಲ್ಲೇ ಕಳೆದರು. ವರ್ಷಕ್ಕೊಮ್ಮೆ ಊರು. ಅಮ್ಮ ಮುಂಬಯಿ ನೋಡಿದ್ದು ಒಂದೇ ಸಲ, ನನ್ನ ಮಗಳ ನಾಮಕರಣಕ್ಕೆ. 1974ರಲ್ಲಿ ಭೂಸುಧಾರಣೆ ಕಾನೂನು ಬಂದು ಗೇಣಿದಾರರು ಡಿಕ್ಲರೇಶನ್ ಕೊಡಬೇಕಾದಾಗ ಅಪ್ಪಯ್ಯ ಬಂದು ಸಹಿ ಹಾಕಿ ವಾಪಸು ಹೋದರು. ಆಮೇಲೆ ಟ್ರಿಬ್ಯುನಲ್ಲಿಗೆ ಅಲೆದವಳು, ಸಾಕ್ಷಿಗಳನ್ನು ಕರೆತಂದವಳು, ಧನಿಗಳ ಕಡೆಯವರ ಮಾತು ಕೇಳಿಸಿಕೊಂಡವಳು ಅಮ್ಮ. ಗದ್ದೆ ಉಳಿಯಿತು, ಅಪ್ಪಯ್ಯನ ಹೆಸರಿಗೆ. ಎಲ್ಲಿಗೂ ಹೋಗದ ಅಮ್ಮನಿಗೆ ವಲಸೆಯ ಕಾಲಮ್ಮುಗಳಲ್ಲಿ ಜಾಗವೇ ಇಲ್ಲ. ಆದರೆ ಅಪ್ಪಯ್ಯನ ವಲಸೆ ಅಷ್ಟು ವರ್ಷ ನಡೆದದ್ದು ಅವಳ ಮೇಲೆ.

ಈಗ ಆ ಗದ್ದೆ ಹಡಿಲು ಬಿದ್ದಿದೆ. ಊರಿನ ಹುಡುಗರು ಓದಿ ಬೆಂಗಳೂರಿಗೆ ಹೋಗುತ್ತಾರೆ, ಹುಡುಗಿಯರೂ ಹೋಗುತ್ತಾರೆ. ಹೋಟೆಲಿಗೆ ಊರಿನ ಮಾಣಿಗಳು ಸಿಗುವುದಿಲ್ಲ.

2021ರಲ್ಲಿ ಆಗಬೇಕಿದ್ದ ಗಣತಿ 2027ರ ಫೆಬ್ರವರಿಗೆ ಬಂದು ನಿಂತಿದೆ. ಮೊಬೈಲಿನಲ್ಲಿ ನಾವೇ ತುಂಬಬಹುದಂತೆ. “ನನ್ನದ್ ನಾನೇ ತುಂಬ್ತೆ,” ಎಂದು ಇವಳು ಈಗಲೇ ಹೇಳಿಯಾಗಿದೆ.

ಮೊನ್ನೆ ಸ್ಟೇಷನ್ ಹತ್ತಿರದ ನಮ್ಮವರ ಹೋಟೆಲಿಗೆ ಹೋಗಿದ್ದೆವು. ಇಡ್ಲಿ ತಂದಿಟ್ಟ ಹುಡುಗ ಒಡಿಶಾದವನು, ಗಂಜಾಂ ಜಿಲ್ಲೆ. ಊರಿನಲ್ಲಿ ಯಾರಿದ್ದಾರೆ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಹೆಂಡತಿ, ಎರಡು ಮಕ್ಕಳು, ಅಮ್ಮ. ದುಡ್ಡು ಫೋನಿನಲ್ಲೇ ಕಳಿಸುತ್ತೇನೆ, ಅಂದ. ಇವಳು ಚಮಚ ಕೆಳಗಿಟ್ಟು ಕೇಳಿದಳು: “ಗದ್ದೆ ಯಾರು ನೋಡ್ಕೊಳ್ತಾರೆ?”

“ಅವಳೇ,” ಎಂದು ಅವನು ಚಟ್ನಿ ತರಲು ಹೋದ.