ಮೂಡ್ ಬರವಲ್ದಂತ!

ಸಪ್ತಾಪುರದಾಗ ಕಣ್ಣು ಮುಚ್ಚಿ ಕಲ್ಲು ಒಗದ್ರ ಅದು ಬೀಳೋದು ಕೋಚಿಂಗ್ ಕ್ಲಾಸಿನ ಬೋರ್ಡಿಗೆ. ಇಲ್ಲಿನ ಪಿಜಿಗಳಲ್ಲಿರುವ ಹುಡುಗರು ಬರೆಯುವ ಯುಪಿಎಸ್‌ಸಿ ಪ್ರಬಂಧ ಪತ್ರಿಕೆಗೆ 250 ಅಂಕ, 3 ತಾಸು, 2 ಪ್ರಬಂಧ. ವಿಷಯ ಯಾರೋ ಕೊಟ್ಟದ್ದು. 'ಸ್ಫೂರ್ತಿ ಬರಲಿಲ್ಲ' ಅಂತ ಖಾಲಿ ಹಾಳೆ ಕೊಟ್ಟು ಎದ್ದು ಬಂದವರನ್ನ ನಾನಂತೂ ನೋಡಿಲ್ಲ.

ಖಾಲಿ ಹಾಳೆ ಮುಂದೆ ಅಳೋರು ಸಂಬಳ, ಲ್ಯಾಪ್‌ಟಾಪ್, ಶನಿವಾರದ ರಜೆ ಎಲ್ಲಾ ಇರೋ ನಮ್ಮಂಥವರು. ಒಂದು ವಿಷಯ ಕೊಟ್ಟು ಬರೀರಿ ಅಂದ್ರ, "ಅದು ಸಾಲಿ ಹುಡುಗರ ಕೆಲಸ, ಖರೇ ಬರವಣಿಗಿ ಒಳಗಿಂದ ಬರಬೇಕು" ಅಂತಾರ. ಒಳಗಿಂದ ಬರೋದನ್ನ ಕಾಯ್ತಾ ಐದು ವರ್ಷ ಆಗಿರತೈತಿ. ಅದೇ ಸೋಮವಾರ ಮ್ಯಾನೇಜರ್ ಒಂದು ಬಗ್ ಟಿಕೆಟ್ ಹಾಕಲಿ, ಸಂಜೆಯೊಳಗ ಕೋಡ್ ತಯಾರು!

ಈ ಬಿಂಕ ಕನ್ನಡದ್ದಂತೂ ಅಲ್ಲ. ಅವಧಾನ ನೋಡ್ರಿ. ಸಮಸ್ಯಾಪೂರಣದಲ್ಲಿ ಪೃಚ್ಛಕರು ಪದ್ಯದ ಕೊನೆಯ ಸಾಲು ಕೊಡ್ತಾರ, ಅದೂ ಅಸಂಬದ್ಧವಾದದ್ದು. ಮೇಲಿನ ಸಾಲು ಕಟ್ಟಿ ಅದಕ್ಕೊಂದು ಅರ್ಥ ತರಬೇಕು. ದತ್ತಪದಿಯಲ್ಲಿ ನಾಲ್ಕು ಪದ ಕೊಡ್ತಾರ, ಸಾಲಿಗೊಂದು ಕೂರಿಸಬೇಕು. ನಿಷೇಧಾಕ್ಷರಿಯಲ್ಲಿ ಹೆಜ್ಜೆ ಹೆಜ್ಜೆಗೆ 'ಈ ಅಕ್ಷರ ಬ್ಯಾಡ' ಅಂತ ತಡೀತಾರ. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ನೂರು ಪೃಚ್ಛಕರನ್ನ ಎದುರಿಸಿದರು. ಮೂಡ್ ಬರಲಿ ಅಂತ ಕೂರಲಿಲ್ಲ.

ಹಾಗಂತ ಇಂಗ್ಲಿಷಿನಿಂದ ಇಳಿಸಿಕೊಂಡ 'ನಿಮ್ಮ ಮೊದಲ ಮಳೆ', 'ನಿಮ್ಮ ಕನಸಿನ ಪ್ರವಾಸ' ಕೊಟ್ರೂ ಉಪಯೋಗ ಇಲ್ಲ. ಬಯಲಿಗೆ ಬಿಟ್ಟ ಎತ್ತು ಗಳೆ ಹೊಡೆಯೋದಿಲ್ಲ. ಧಾರವಾಡದ ಮಳಿ ಮ್ಯಾಲೆ ಇನ್ನೊಂದು ಕವನ ಬಂದ್ರ ಮಳಿನೇ ನಿಂತೀತು. ಕೊಟ್ಟ ವಿಷಯ ಕಟ್ಟಿಹಾಕಬೇಕು, ಸಲೀಸಾಗಿ ಬರೋ ಮಾತಿಗೆ ಅಡ್ಡ ನಿಲ್ಲಬೇಕು.

ನಮ್ಮ ಟೀಮಿನ ಒಬ್ಬ ಗೆಳೆಯ, ಅವನೂ ಹಳ್ಳಿಯವನೇ, ಎರಡು ವರ್ಷದಿಂದ ಏನೂ ಬರೆದಿರಲಿಲ್ಲ. ಅವನಿಗೆ ಕೊಟ್ಟೆ: ಬಿತ್ತಿಗೆ ಬಗ್ಗೆ ಹತ್ತು ಸಾಲು, ಒಂದೂ ಇಂಗ್ಲಿಷ್ ಪದ ಇರಬಾರದು, 'ನೆನಪು' ಅನ್ನೋ ಪದ ನಿಷೇಧ. ಮೂರನೇ ಸಾಲಿಗೇ ನಿಂತ. ಕೂರಿಗಿ ಮ್ಯಾಲೆ ಬೀಜ ಹಾಕೋ ಬಟ್ಟಲಕ್ಕ ಏನಂತಾರ ಅನ್ನೋದೇ ಮರೆತಿತ್ತು. ಅವ್ವಗ ಫೋನ್ ಹಚ್ಚಿದ. ಆಕಿ ಹೆಸರು ಹೇಳಿ ಸುಮ್ಮನಾಗಲಿಲ್ಲ, ಅರ್ಧ ತಾಸು ಮಾತಾಡಿದಳು. ಅವತ್ತು ರಾತ್ರಿ ಅವನ ಹತ್ತು ಸಾಲು ನಾಲ್ಕು ಪುಟ ಆಗಿದ್ದವು.