ಕಣ್ಕಟ್ಟು ಕಟ್ಟುವುದು ಕಣ್ಣನ್ನಲ್ಲ

ಕತ್ತಲಾದ ಮೇಲೆ ಶಿವಾಜಿನಗರದಿಂದ ಕೆ.ಆರ್. ಪುರದ ಕಡೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಒಂದು ಜಾದೂ ಪುಕ್ಕಟೆಯಾಗಿ ಸಿಗುತ್ತದೆ. ಕಿಟಕಿಯ ಗಾಜು ಮುಚ್ಚಿದೆ, ಒಳಗೆ ದೀಪ ಉರಿಯುತ್ತಿದೆ ಎನ್ನಿ. ಹಲಸೂರು ಕೆರೆಯ ಬಳಿ ಹೊರಗೆ ಬೆಳಕು ಕಡಿಮೆಯಾದ ಕೂಡಲೇ ನೀರಿನ ಮೇಲೆ ಕಂಡಕ್ಟರು ತೇಲತೊಡಗುತ್ತಾರೆ! ಅವರ ಹಿಂದೆ ಎರಡು ಸೀಟು, ಒಂದು ಮಗು, ಒಂದು ತರಕಾರಿ ಚೀಲ. ಅವರ ಮೈಯೊಳಗಿಂದಲೇ ಆಚೆ ದಡದ ದೀಪಗಳೂ ಕಾಣುತ್ತವೆ.

ಇದನ್ನು ಯಾರೂ ಜಾದೂ ಎಂದು ಕರೆಯುವುದಿಲ್ಲ. ದಿನವೂ ನೋಡುವುದರಲ್ಲಿ ವಿಶೇಷವೇನು? ಆದರೆ 1862ರ ಕ್ರಿಸ್ಮಸ್ ಹಿಂದಿನ ಸಂಜೆ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಇದೇ ತತ್ವವನ್ನು ರಂಗದ ಮೇಲೆ ತೋರಿಸಿದಾಗ ಪ್ರೇಕ್ಷಕರು ಬೆಚ್ಚಿಬಿದ್ದರು. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರರ ಕಲ್ಪನೆಯನ್ನು ರಂಗಕ್ಕೆ ಹೊಂದಿಸಿದವರು ಜಾನ್ ಹೆನ್ರಿ ಪೆಪ್ಪರ್. ಅವರು ರಸಾಯನಶಾಸ್ತ್ರದ ಅಧ್ಯಾಪಕರು! ರಂಗದ ಮುಂಭಾಗದಲ್ಲಿ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ಹಳ್ಳದಲ್ಲಿ ಒಬ್ಬ ನಟ, ಅವನ ಮೇಲೆ ಪ್ರಖರ ಬೆಳಕು. ಗಾಜಿನಲ್ಲಿ ಮೂಡಿದ ಅವನ ಪ್ರತಿಬಿಂಬ ರಂಗದ ಮೇಲೆ ದೆವ್ವವಾಗಿ ನಡೆದಾಡಿತು. ಬೆಳಕು ಆರಿದರೆ ದೆವ್ವವೂ ಮಾಯ. ‘ಪೆಪ್ಪರನ ಭೂತ’ ಎಂದೇ ಅದಕ್ಕೆ ಹೆಸರಾಯಿತು.

ಪೆಪ್ಪರನ ಗುಟ್ಟು ಇಂದು ಭೌತಶಾಸ್ತ್ರದ ಪುಸ್ತಕಗಳಲ್ಲೇ ಇದೆ. ಎಲ್ಲ ಜಾದೂಗಳ ಗುಟ್ಟೂ ಹೀಗೆ ಬಯಲಾಗಬೇಕೆ? ಜಾದೂಗಾರರನ್ನು ಕೇಳಿದರೆ ‘ಖಂಡಿತ ಕೂಡದು’ ಎನ್ನುತ್ತಾರೆ. ಅದಕ್ಕೆಂದೇ ಅವರು ಕ್ಲಬ್ಬುಗಳನ್ನು ಕಟ್ಟಿಕೊಂಡಿದ್ದಾರೆ.

ಬೆಂಗಳೂರಿನ ದಂಡು ಪ್ರದೇಶಕ್ಕೆ ಕ್ಲಬ್ಬು ಎಂದರೆ ಹೊಸದಲ್ಲ. 1868ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿಗೆ ಸದಸ್ಯರ ಜೊತೆಯಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ಅಲ್ಲಿಯೂ ಒಂದು ‘ಮಾಯ’ದ ಕಥೆಯಿದೆ. ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಇಲ್ಲಿ ಉಳಿಸಿಹೋದ 13 ರೂಪಾಯಿ ಬಾಕಿಯನ್ನು ‘ವಸೂಲಾಗದ್ದು’ ಎಂದು 1899ರ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಹಣ ಮಾತ್ರ ಯಾವ ಜಾದೂಗಾರನ ಟೊಪ್ಪಿಗೆಯಿಂದಲೂ ಮರಳಿ ಬರಲಿಲ್ಲ!

ಜಾದೂಗಾರರ ಕ್ಲಬ್ಬುಗಳಲ್ಲಿ ಹೆಸರಾದದ್ದು ಲಂಡನ್ನಿನ ‘ಮ್ಯಾಜಿಕ್ ಸರ್ಕಲ್’. ಹುಟ್ಟಿದ್ದು 1905ರಲ್ಲಿ. ಹಣ ಕೊಟ್ಟ ಮಾತ್ರಕ್ಕೆ ಅದರ ಸದಸ್ಯರಾಗಲು ಬರುವುದಿಲ್ಲ, ಪರೀಕ್ಷೆ ಪಾಸಾಗಬೇಕು. ಈಗಿನ ಬ್ರಿಟನ್ನಿನ ದೊರೆ ಚಾರ್ಲ್ಸ್ ಕೂಡ 1975ರಲ್ಲಿ ಬಟ್ಟಲು-ಗೋಲಿಯ ಆಟ ಆಡಿ ತೋರಿಸಿಯೇ ಒಳಗೆ ಹೋದದ್ದು. ‘ಗುಟ್ಟನ್ನು ಹೊರಗೆ ಆಡಬಾರದು’ ಎಂಬುದು ಕ್ಲಬ್ಬಿನ ಧ್ಯೇಯವಾಕ್ಯದ ಸಾರ. ಅದೇ ಊರಿನಲ್ಲಿ 1660ರಲ್ಲಿ ಸ್ಥಾಪನೆಯಾದ ರಾಯಲ್ ಸೊಸೈಟಿ ಇದೆ. ಅದು ವಿಜ್ಞಾನಿಗಳ ಕ್ಲಬ್ಬು. ಅದರ ಧ್ಯೇಯವಾಕ್ಯದ ಸಾರ, ‘ಯಾರ ಮಾತನ್ನೂ ಸುಮ್ಮನೆ ನಂಬಬೇಡ’. ಒಬ್ಬರದು ಮುಚ್ಚಿಡುವ ವ್ರತ, ಇನ್ನೊಬ್ಬರದು ಬಿಚ್ಚಿಡುವ ವ್ರತ.

ಮೋಸ ಮಾಡುವುದನ್ನೇ ಕಲೆಯಾಗಿಸಿಕೊಂಡ ಈ ಕ್ಲಬ್ಬು ತಾನೇ ಮೋಸ ಹೋದದ್ದೂ ಉಂಟು. ಮೊದಲಿಗೆ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. 1991ರಲ್ಲಿ ಸೋಫಿ ಲಾಯ್ಡ್ ಎಂಬಾಕೆ ‘ರೇಮಂಡ್’ ಎಂಬ ಹುಡುಗನ ವೇಷ ಹಾಕಿ, ಪರೀಕ್ಷಕರ ಮೂಗಿನ ಕೆಳಗೇ ಪರೀಕ್ಷೆ ಪಾಸಾದರು. ಅದೇ ವರ್ಷ ಕ್ಲಬ್ಬು ಹೆಂಗಸರಿಗೆ ಬಾಗಿಲು ತೆರೆದಾಗ ಆಕೆ ತನ್ನ ಗುಟ್ಟು ಹೇಳಿದರು. ಶಹಬ್ಬಾಸ್ ಎನ್ನಬೇಕಿದ್ದ ಕ್ಲಬ್ಬು ಆಕೆಯನ್ನು ಹೊರಗೆ ಹಾಕಿತು. 34 ವರ್ಷ ಕಳೆದ ಮೇಲೆ, 2025ರಲ್ಲಿ, ತಪ್ಪೊಪ್ಪಿಕೊಂಡು ಮರಳಿ ಸದಸ್ಯತ್ವ ಕೊಟ್ಟಿತು.

ಅಷ್ಟು ನುರಿತ ಕಣ್ಣುಗಳೂ ಮೋಸ ಹೋದದ್ದು ಹೇಗೆ? ಕನ್ನಡದಲ್ಲಿ ಜಾದೂವಿಗೆ ಬಹಳ ಹೆಸರುಗಳಿವೆ: ಇಂದ್ರಜಾಲ, ಮೋಡಿ, ಗಾರುಡಿ, ಯಕ್ಷಿಣಿ, ಕೈಚಳಕ. ಎಲ್ಲಕ್ಕಿಂತ ಸೊಗಸಾದದ್ದು ‘ಕಣ್ಕಟ್ಟು’. ಆದರೆ ನಿಜವಾಗಿ ಕಟ್ಟುವುದು ಕಣ್ಣನ್ನೇ?

1900ರಲ್ಲಿ ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಟ್ರಿಪ್ಲೆಟ್ ಶಾಲಾ ಮಕ್ಕಳ ಎದುರು ಒಂದು ಪ್ರಯೋಗ ಮಾಡಿದರು. ಮೇಜಿನ ಹಿಂದೆ ಕುಳಿತು ಚೆಂಡನ್ನು ಮೇಲಕ್ಕೆ ಎಸೆದು ಹಿಡಿದರು, ಮತ್ತೆ ಎಸೆದು ಹಿಡಿದರು. ಕೊನೆಯ ಸಲ ಎಸೆದಂತೆ ಕೈ ಬೀಸಿದರು, ಅಷ್ಟೆ. ಚೆಂಡು ಮೇಜಿನ ಹಿಂದೆಯೇ ಉಳಿದಿತ್ತು. ಸುಮಾರು ಅರ್ಧದಷ್ಟು ಮಕ್ಕಳು ‘ಚೆಂಡು ಮೇಲೆ ಹೋಗಿ ಮಾಯವಾದದ್ದನ್ನು ಕಂಡೆವು’ ಎಂದರು! 2006ರಲ್ಲಿ ಇಂಗ್ಲೆಂಡಿನಲ್ಲಿ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಇದನ್ನು ಇನ್ನಷ್ಟು ನಿಖರವಾಗಿ ಪರೀಕ್ಷಿಸಿದರು. ಜಾದೂಗಾರ ಇಲ್ಲದ ಚೆಂಡನ್ನು ಹಿಂಬಾಲಿಸಿ ಮೇಲೆ ನೋಡಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನ ಅದು ಮೇಲೆ ಹೋದದ್ದನ್ನು ‘ಕಂಡರು’. ತನ್ನ ಕೈಯನ್ನೇ ನೋಡಿಕೊಂಡಾಗ ಹಾಗೆ ಕಂಡವರು ಸುಮಾರು ಒಂದು ಪಾಲು ಮಾತ್ರ. ತಮಾಷೆಯೆಂದರೆ, ಮೋಸ ಹೋದವರ ಕಣ್ಣುಗಳು ಬಹುಪಾಲು ಚೆಂಡು ‘ಮಾಯವಾದ’ ಜಾಗಕ್ಕೆ ಹೋಗಿಯೇ ಇರಲಿಲ್ಲ. ಕಣ್ಣು ಮೋಸ ಹೋಗಲಿಲ್ಲ; ಮೋಸ ಹೋದದ್ದು ಮುಂದೇನಾಗುತ್ತದೆಂದು ಮೊದಲೇ ಊಹಿಸುವ ಮೆದುಳು. ಬೀದಿಯ ಮೋಡಿಯವನು ಡಮರು ಬಾರಿಸುತ್ತ ಬಲಗೈ ಎತ್ತುವಾಗ ನಮ್ಮ ಗಮನ ಬಲಗೈಗೆ ಹೋಗುತ್ತದೆ. ಕೆಲಸ ನಡೆಯುವುದು ಎಡಗೈಯಲ್ಲಿ.

ಗಮನವಾಯಿತು, ಇನ್ನು ನೆನಪು. ಗಾಳಿಯಲ್ಲಿ ನಿಂತ ಹಗ್ಗವನ್ನು ಹುಡುಗನೊಬ್ಬ ಹತ್ತಿ ಮಾಯವಾಗುವ ‘ಭಾರತದ ಹಗ್ಗದಾಟ’ವನ್ನು ಕೇಳದವರಿಲ್ಲ. ನೂಲು ಹಿಡಿದು ಆಕಾಶಕ್ಕೆ ಏರುವ ಮಾಯಾವಿಯ ಉಪಮೆ ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲೇ ಇದೆ. ನಿಜವಾದ ಮಾಯಾವಿ ನೆಲದ ಮೇಲೇ ಇರುತ್ತಾನೆ ಎಂದೂ ಅಲ್ಲಿಯೇ ಹೇಳಿದೆ. ಪಶ್ಚಿಮದಲ್ಲಿ ಈ ಆಟದ ಸುದ್ದಿ ಹಬ್ಬಿದ್ದು 1890ರಲ್ಲಿ, ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ವರದಿಯಿಂದ. ಅದು ಕಟ್ಟುಕಥೆ ಎಂದು ಕೆಲವೇ ತಿಂಗಳಲ್ಲಿ ಪತ್ರಿಕೆಯೇ ಒಪ್ಪಿಕೊಂಡಿತು. ಆದರೇನು? ಭಾರತದ ದಂಡುಗಳಲ್ಲಿ ಸೇವೆ ಮಾಡಿ ಮರಳಿದ ಬ್ರಿಟಿಷರಲ್ಲಿ ‘ನಾನೇ ಕಣ್ಣಾರೆ ಕಂಡೆ’ ಎನ್ನುವವರಿಗೆ ಕೊರತೆಯಾಗಲಿಲ್ಲ. 1934ರಲ್ಲಿ ಮ್ಯಾಜಿಕ್ ಸರ್ಕಲ್ಲಿನವರು ಬಯಲಿನಲ್ಲಿ ಇದನ್ನು ಮಾಡಿ ತೋರಿಸಿದವರಿಗೆ 500 ಗಿನಿ ಬಹುಮಾನವೆಂದು ಸಾರಿದರು. ಅದು ಯಾರಿಗೂ ದಕ್ಕಲಿಲ್ಲ. ರಿಚರ್ಡ್ ವೈಸ್‌ಮನ್ ಮತ್ತು ಪೀಟರ್ ಲ್ಯಾಮಂಟ್ ಈ ‘ಕಣ್ಣಾರೆ ಕಂಡ’ ಹೇಳಿಕೆಗಳನ್ನು ಒಟ್ಟು ಮಾಡಿ 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ನೋಡಿದ್ದಕ್ಕೂ ಹೇಳಿದ್ದಕ್ಕೂ ನಡುವೆ ವರ್ಷಗಳು ಹೆಚ್ಚಾದಷ್ಟೂ ಕಥೆ ಹೆಚ್ಚು ಅದ್ಭುತವಾಗುತ್ತದೆ. ಅಜ್ಜ ಹೇಳುವ ಚಿರತೆಯ ಕಥೆಯೂ ಹೀಗೆಯೇ ಅಲ್ಲವೆ? ಪ್ರತಿ ದೀಪಾವಳಿಗೂ ಚಿರತೆ ಒಂದೊಂದು ಮೊಳ ಉದ್ದವಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಂತೋಷವೇ. ವೇದಿಕೆಯ ಜಾದೂಗಾರನೂ ಪ್ರೇಕ್ಷಕರೂ ಒಂದು ಒಪ್ಪಂದಕ್ಕೆ ಬಂದಿರುತ್ತಾರೆ: ‘ನಾನು ಮೋಸ ಮಾಡುತ್ತೇನೆ, ನೀವು ಖುಷಿಯಿಂದ ಮೋಸ ಹೋಗಿ.’ ಅಂಥ ಕಡೆ ಗುಟ್ಟು ಕಾಪಾಡುವುದು ಸುಳ್ಳಲ್ಲ, ಸೌಜನ್ಯ. ತೊಂದರೆ ಶುರುವಾಗುವುದು ಆ ಒಪ್ಪಂದ ಮುರಿದಾಗ. ಫ್ರಾನ್ಸಿನ ರಾಬರ್ಟ್ ಹೂಡಾನ್ ಒಂದು ಪೆಟ್ಟಿಗೆಯನ್ನು ತೋರಿಸುತ್ತಿದ್ದರು. ಪುಟ್ಟ ಮಗು ಅದನ್ನು ಎತ್ತುತ್ತಿತ್ತು. ಮರುಗಳಿಗೆ ಗಟ್ಟಿಮುಟ್ಟಾದ ಆಳಿನಿಂದಲೂ ಅಲುಗಾಡಿಸಲು ಆಗುತ್ತಿರಲಿಲ್ಲ. ಪೆಟ್ಟಿಗೆಯ ತಳ ಕಬ್ಬಿಣದ್ದು, ನೆಲದ ಕೆಳಗೆ ವಿದ್ಯುತ್ಕಾಂತ! ಅಂದಿನ ಜನಕ್ಕೆ ವಿದ್ಯುತ್ಕಾಂತ ಹೊಸದು. ಪ್ಯಾರಿಸ್ಸಿನಲ್ಲಿ ಇದು ಮನರಂಜನೆ. 1856ರಲ್ಲಿ ಫ್ರೆಂಚ್ ಸರ್ಕಾರ ಅದೇ ಆಟವನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿ ಅದು ಆಳುವವರ ಅದ್ಭುತ ಶಕ್ತಿಯೆಂದು ಜನರನ್ನು ಹೆದರಿಸುವ ಅಸ್ತ್ರ. ಅದೇ ಪೆಟ್ಟಿಗೆ, ಅದೇ ಕಾಂತ; ಬದಲಾದದ್ದು ಉದ್ದೇಶ ಮಾತ್ರ.

ನೋಟು ಇಮ್ಮಡಿ ಮಾಡಿಕೊಡುತ್ತೇನೆ, ಒಡವೆಗೆ ಹೊಳಪು ಕೊಡುತ್ತೇನೆ ಎಂದು ಮನೆಬಾಗಿಲಿಗೆ ಬರುವವರು ಮಾಡುವುದೂ ಇದೇ ಕೆಲಸ. ಅವರ ಕೈಚಳಕ ವೇದಿಕೆಯವರದಕ್ಕಿಂತ ಹೆಚ್ಚಿನದೇನಲ್ಲ. ಆದರೆ ಅವರು ‘ಇದು ಆಟ’ ಎಂದು ಹೇಳುವುದಿಲ್ಲ. ಗುಟ್ಟು ಬಿಚ್ಚಲೇಬೇಕಾದ ಜಾಗ ಇದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆಂದು ಸಮಿತಿ ರಚಿಸಿದ್ದು 1976ರಲ್ಲಿ. ಪರಮಾಣು ಭೌತವಿಜ್ಞಾನ ಓದಿದ ಅವರು ಕೇಳಿದ್ದು ಬಹಳ ಸರಳ: ಪವಾಡ ನಿಜವಾದರೆ ಪರೀಕ್ಷೆಗೆ ಹೆದರಿಕೆ ಏಕೆ? ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿದ್ದೂ ಅದೇ 1976ರ 42ನೇ ತಿದ್ದುಪಡಿಯಿಂದ.

ಹಾಗೆಂದು ಮಕ್ಕಳನ್ನು ಜಾದೂ ಪ್ರದರ್ಶನದಿಂದ ದೂರ ಇಡಬೇಕಾಗಿಲ್ಲ. ಧಾರಾಳವಾಗಿ ಕರೆದುಕೊಂಡು ಹೋಗಿ. ಮನೆಗೆ ಬಂದ ಮೇಲೆ ‘ಹೇಗೆ ಮಾಡಿದ?’ ಎಂದು ಕೇಳುವ ಮೊದಲು ‘ಏನೇನು ನೋಡಿದೆ?’ ಎಂದು ಕೇಳಿ. ಅಪ್ಪ, ಅಮ್ಮ, ಮಗು ಮೂವರೂ ಬೇರೆ ಬೇರೆ ಬರೆದಿಡಲಿ. ಮೂರೂ ಒಂದೇ ಆಗಿರುವುದು ಕಷ್ಟ! ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರ ತಿಳಿಯುವುದೇ ವಿಜ್ಞಾನದ ಮೊದಲ ಪಾಠ.

ಪೆಪ್ಪರನ ಭೂತವನ್ನು ಮನೆಗೂ ಕರೆಸಬಹುದು. ದೊಡ್ಡವರು ಜೊತೆಗಿರಲಿ. ಅಂಚು ಉಜ್ಜಿದ ಒಂದು ಗಾಜಿನ ಹಲಗೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅದರ ಮುಂದೆ 15 ಸೆಂಟಿಮೀಟರ್ ದೂರದಲ್ಲಿ ಒಂದು ಗಿಡ್ಡ ಮೇಣದಬತ್ತಿ ಹಚ್ಚಿಡಿ. ಗಾಜಿನ ಹಿಂದೆ ಅಷ್ಟೇ ದೂರದಲ್ಲಿ, ನೇರವಾಗಿ, ಬತ್ತಿಗಿಂತ ಎತ್ತರದ ಗಾಜಿನ ಲೋಟ ಇಡಿ. ನೋಡುವವರಿಗೆ ಬತ್ತಿ ಕಾಣದಂತೆ ಅದರ ಮುಂದೆ ಒಂದು ರಟ್ಟಿನ ಪೆಟ್ಟಿಗೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ. ಈಗ ಲೋಟಕ್ಕೆ ನೀರು ಸುರಿಯಿರಿ. ನೀರಿನೊಳಗೆ ಬತ್ತಿ ಉರಿಯುತ್ತಲೇ ಇರುತ್ತದೆ! ಸಮತಲ ದರ್ಪಣದಲ್ಲಿ ವಸು ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದೆ ಮೂಡುತ್ತದೆ ಎಂದು ಪಾಠದಲ್ಲಿ ಓದಿದ್ದು ಇದೇ ಅಲ್ಲವೆ? ಇಷ್ಟಕ್ಕೇ ತೃಪ್ತಿಯಾಗದಿದ್ದರೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೊಮ್ಮೆ ಹೋಗಿಬನ್ನಿ.

ಗುಟ್ಟು ತಿಳಿದರೆ ಸೊಗಸು ಹೋಗುತ್ತದೆ ಎನ್ನುವವರಿದ್ದಾರೆ. ಮುಂದಿನ ಸಲ ರಾತ್ರಿ ಬಸ್ಸಿನಲ್ಲಿ ಹಲಸೂರು ಕೆರೆಯ ಬಳಿ ಕಿಟಕಿಯತ್ತ ನೋಡಿ. ಬೆಳಕು ಗಾಜಿಗೆ ತಾಗಿ ಹಿಂತಿರುಗುತ್ತಿದೆ ಎಂದು ಗೊತ್ತಿದ್ದೂ, ಕೆರೆಯ ಮೇಲೆ ಟಿಕೆಟ್ ಹರಿಯುವ ಕಂಡಕ್ಟರನ್ನು ಕಂಡು ನಗು ಬಾರದಿದ್ದರೆ ಹೇಳಿ.