‘ನಾರ್ಮಲ್’ ಎಂದ ಮೇಲಿನ ದಿನಗಳು

ತಿಳವಳ್ಳಿ ಸೀಮೆಯಲ್ಲಿ ದೀಪಾವಳಿ ಅಂದರೆ ಕೊಬ್ಬರಿ ಹೋರಿ: ಕೊಬ್ಬರಿ ಸರ ಕಟ್ಟಿ ಓಡಿಸುವ ಹೋರಿಯನ್ನು ತಡೆದು ಕೊಬ್ಬರಿ ಹರಿಯುವ ಹಬ್ಬ. ಹಬ್ಬ ನಿಲ್ಲಿಸಿ ಎಂದು ನಾನು ಬರೆಯುತ್ತಿಲ್ಲ. ಪ್ರಾಯದಲ್ಲಿ ನಾನೂ ಅಖಾಡಕ್ಕಿಳಿದು ಕೊಬ್ಬರಿ ಹರಿದವನೇ. ನನ್ನ ತಕರಾರು ಪೆಟ್ಟು ಬಿದ್ದ ಮೇಲಿನ ದಿನಗಳದ್ದು.

ಹೋದ ಸಲ ಅಣ್ಣನ ಮಗನನ್ನು ಹೋರಿ ಕೆಡವಿತು. ಕಂಬಕ್ಕೆ ತಲೆ ಬಡಿದು ಕ್ಷಣಹೊತ್ತು ಎಚ್ಚರ ತಪ್ಪಿತ್ತು. ಹುಬ್ಬಳ್ಳಿಗೆ ಒಯ್ದು ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ‘ನಾರ್ಮಲ್’. ಮನೆಯವರು ಪೇಡೆ ಹಂಚಿದರು. ಹುಡುಗ ಮಾತ್ರ, ‘ಕಾಕಾ, ತಲಿ ಒಳಗ ಗುಂಯ್ ಅಂತೈತಿ, ಓದಿದ್ದು ನೆನಪ ಉಳಿಯಂಗಿಲ್ಲ’ ಅನ್ನುತ್ತಿದ್ದ. ಗೆಳೆಯರು ಅದನ್ನು ನಾಟಕ ಅಂದರು.

ನಾಟಕವಲ್ಲ. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಬುರುಡೆಯ ಬಿರುಕು. ಇಂಥ ಪೆಟ್ಟಿನಲ್ಲಿ ಸಾಮಾನ್ಯವಾಗಿ ಅವೆರಡೂ ಇರುವುದಿಲ್ಲ. ಮಿದುಳಿನ ಕೋಶಗಳ ಕೆಲಸ ಕೆಲಕಾಲ ಏರುಪೇರಾಗಿರುತ್ತದೆ, ಅವಕ್ಕೆ ಬೇಕಾದ ಶಕ್ತಿ ಸಾಲದಾಗಿರುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ, ತಡವೆಂದರೆ ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳಿದರೆ ಅರ್ಧ ಭಯ ಕಳೆಯುತ್ತದೆ, ಭಯ ಕಳೆದರೆ ಗುಣವೂ ಬೇಗ. ಹಿಂದೆ ತಲೆಗೆ ಪೆಟ್ಟು ಬಿದ್ದಿದ್ದರೆ, ಅರೆತಲೆನೋವು, ಖಿನ್ನತೆ ಇದ್ದರೆ, ನಿದ್ದೆ ಕೆಟ್ಟರೆ ತಡವಾಗುತ್ತದೆ. ಅದರ ಮೇಲೆ ಹಬ್ಬದ ಕುಡಿತ ಬೇರೆ!

ನಮ್ಮ ಅಜ್ಜಿಯರ ದಾರಿ ‘ನಾಟಕ’ ಅನ್ನುವವರದ್ದಕ್ಕೆ ತದ್ವಿರುದ್ಧ: ಕತ್ತಲೆ ಕೋಣೆ, ಹಾಸಿಗೆ, ತಿಂಗಳುಗಟ್ಟಲೆ. ಅದೂ ಸಲ್ಲದು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ಕ್ರೀಡಾ ವೈದ್ಯತಜ್ಞರು ಹೇಳಿದ್ದು, ಮೊದಲ ಒಂದೆರಡು ದಿನ ಮನೆಯೊಳಗೆ ಓಡಾಡಿಕೊಂಡೇ ದಣಿಯದಂತಿರಿ, ಮೊಬೈಲ್ ಕಡಿಮೆ ಮಾಡಿ, ಆಮೇಲೆ ನಡಿಗೆಯಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿ ಅಂತ. ನಮ್ಮ ಹುಡುಗ ಬೆಳಿಗ್ಗೆ ಹೊಲದ ತನಕ ನಡೆಯತೊಡಗಿದ ಮೇಲೆಯೇ ಅವನಿಗೆ ನಿದ್ದೆ ಹತ್ತಿದ್ದು. ಆದರೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು ಕಂಡರೆ ಸ್ಕ್ಯಾನ್ ಏನೇ ಹೇಳಿರಲಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನನ್ನ ದೊಡ್ಡ ಅಂಜಿಕೆ ಎರಡನೇ ಪೆಟ್ಟಿನದು. ಮೊದಲನೆಯದು ಮಾಯುವ ಮುಂಚೆ ಮತ್ತೊಂದು ಬಿದ್ದರೆ ಚೇತರಿಕೆ ದೂರ ಸರಿಯುತ್ತದೆ, ಅಪರೂಪಕ್ಕೆ ಜೀವಕ್ಕೇ ಕುತ್ತು. ಹೋರಿ ಹಬ್ಬವೋ ಊರಿಂದ ಊರಿಗೆ ವಾರಗಟ್ಟಲೆ ಸಾಗುತ್ತದೆ. ಆದ್ದರಿಂದ ಸಮಿತಿಯವರಿಗೆ ಒಂದೇ ಮಾತು: ಬಹುಮಾನ ಕೂಗುವ ಮೈಕಿನಲ್ಲೇ ತಲೆಗೆ ಪೆಟ್ಟು ತಿಂದವನ ಹೆಸರನ್ನೂ ಕೂಗಿ, ಅಖಾಡದಿಂದ ಹೊರಗೆ ಕೂರಿಸಿ. ಮುಂದಿನ ಊರಿನ ಸಮಿತಿಗೂ ಫೋನ್ ಮಾಡಿ. ಇಲ್ಲದಿದ್ದರೆ ಇವತ್ತು ತಿಳವಳ್ಳಿಯಲ್ಲಿ ಕೂತವನು ನಾಳೆ ಚಿಕ್ಕೇರೂರಿನಲ್ಲಿ ಹೋರಿಗೆ ಎದುರು ನಿಂತಿರುತ್ತಾನೆ.